ಮಾದಪ್ಪನ ಗಂಟು ಬಿಚ್ಚಿದ ದಿನ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ, ಗುರುತಿನ ಚೀಟಿ ತೋರಿಸಿದರೆ ಸಾಕು. ಉಳಿದದ್ದಕ್ಕೆಲ್ಲ ಫೋನಿದೆ. ನನ್ನ ಪರ್ಸಿನಲ್ಲಿ ಅಂದು ಇದ್ದದ್ದು ಒಂದು ಪಿನ್ನು, ಒಣಗಿದ ಮಲ್ಲಿಗೆಯ ಎಸಳು. ಕಾನ್ವೆಂಟಿನಲ್ಲಿ ಸಿಸ್ಟರ್, ಕಂಪಾಸ್ ಬಾಕ್ಸಿನೊಳಗೆ ತುರ್ತಿಗೆಂದು ಒಂದು ರೂಪಾಯಿ ಇಟ್ಟುಕೊಳ್ಳದ ಹುಡುಗಿಯರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಆ ಅಭ್ಯಾಸ ಯಾವಾಗ ಬಿಟ್ಟುಹೋಯಿತೋ.

ನೆಂಟರ ಮನೆಯ ನಾಮಕರಣಕ್ಕೆ ಅತ್ತೆಯನ್ನು ಕರೆದುಕೊಂಡು ಹೊರಟಿದ್ದೆ. ಅವರಿಗೆ ಉಬ್ಬಸ. ಗುಂಡ್ಲುಪೇಟೆಯಲ್ಲಿ ಇಳಿದ ಕೂಡಲೇ ಈರುಳ್ಳಿ ಲಾರಿಗಳ ದೂಳಿಗೆ ಎದೆ ಕಟ್ಟಿತು. ಚೀಲದಿಂದ ಉಬ್ಬಸದ ಪಂಪು ತೆಗೆದು ಬಾಯಿಗಿಟ್ಟು ಒತ್ತಿದರು. ಟಿಕ್ ಎಂಬ ಸದ್ದಷ್ಟೇ. ಔಷಧಿ ಮುಗಿದಿತ್ತು.

ಎದುರಿಗೇ ಮೆಡಿಕಲ್ ಅಂಗಡಿ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಹೊಸ ಪಂಪು ಕೇಳಿದೆ. ಅಂಗಡಿಯವನು ತಂದಿಟ್ಟ. ನನ್ನ ಫೋನಿನಲ್ಲಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.

“ನೆಟ್ ಇಲ್ಲ ಕನಕ್ಕ. ರೋಡ್ ಅಗಿಯೋರು ಕೇಬಲ್ ಕಿತ್ತಾಕವ್ರೆ. ಎಟಿಎಮ್ಮೂ ಸತ್ತದ. ಕ್ಯಾಶ್ ಇದ್ರೆ ಕೊಡಿ.”

“ಆಮೇಲೆ ಹಾಕಿಬಿಡ್ತೀನಣ್ಣ.”

“ಬೆಳಗ್ಗಿಂದ ಎಲ್ರೂ ಅದ್ನೇ ಅಂದ್ರು. ಒಬ್ರೂ ತಿರ್ಗಿ ಬರ್ನಿಲ್ಲ.”

ಅತ್ತೆಯ ಕತ್ತಿನ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಅವರ ಸೊಂಟದಲ್ಲಿ ಮುಡಿಪಿತ್ತು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ನೋಟುಗಳು. ಹುಂಡಿಗೆ ಹಾಕುವವರೆಗೆ ಬಿಚ್ಚುವಂತಿಲ್ಲ. ನನ್ನ ಕಣ್ಣು ಎಲ್ಲಿಗೆ ಹೋಯಿತೆಂದು ಅವರಿಗೆ ತಿಳಿಯಿತು. ಕೈ ಅಡ್ಡ ಇಟ್ಟರು.

“ಮಾದಪ್ಪುಂದು… ಮುಟ್ಬ್ಯಾಡ.”

“ಮಾದಪ್ಪ ನಿಮ್ಮ ಉಸಿರು ಕೇಳಿದ್ನಾ ಅತ್ತೆ?”

ಅಡ್ಡ ಇಟ್ಟ ಕೈ ತೆಗೆದು, ಅತ್ತೆ ತಾವೇ ಗಂಟನ್ನು ಉಗುರಿನಿಂದ ಕೆದಕತೊಡಗಿದರು. ಅದು ಬಿಗಿಯಾಗಿ ಕೂತಿತ್ತು. ನಾನು ಕೈ ಹಾಕಲಿಲ್ಲ, ಹಾಕಿದರೆ ಒಪ್ಪುತ್ತಿರಲಿಲ್ಲ. ಕೊನೆಗೆ ಬಿಚ್ಚಿತು. “ಸಾಲ ಕನಪ್ಪ…” ಎಂದು ಮೇಲೆ ನೋಡಿ, ಅರಿಶಿನ ಹತ್ತಿದ ನೂರರ ಮೂರು ನೋಟು ಕೊಟ್ಟರು. ಪಂಪು ಎಳೆದುಕೊಂಡ ಮೇಲೆ ತುಟಿಯ ನೀಲಿ ನಿಧಾನವಾಗಿ ಇಳಿಯಿತು.

ನಾಮಕರಣದ ಊಟ ಮುಗಿಸಿ ಸಂಜೆ ಬರುವಾಗ ನೆಟ್ ಬಂದಿತ್ತು. ಅತ್ತೆ ಅದೇ ಅಂಗಡಿಯ ಮುಂದೆ ನಿಂತು, ಬೆಳಗ್ಗೆ ಕೊಟ್ಟ ನೋಟುಗಳನ್ನೇ ವಾಪಸ್ ಕೇಳಿದರು.

“ಬೇರೆ ನೋಟು ಆಗಲ್ವಾ ಅತ್ತೆ?”

“ಮೀಸ್ಲು ಮಾಡಿದ್ದೇ ಆಗ್ಬೇಕು. ಪೋನ್ ಕಾಸ ಗಂಟ್ ಕಟ್ಟಕಾದದಾ?”

ನಾನು ಫೋನಿನಿಂದ ಮುನ್ನೂರು ಹಾಕಿದೆ. ಅಂಗಡಿಯವನು ಗಲ್ಲಾ ಕೆದಕಿದ. ಹಳದಿ ನೋಟು ಸಿಕ್ಕಿದ್ದು ಎರಡೇ.

“ಇನ್ನೊಂದ ಕೇರಳದ ಲಾರಿಯವ್ನ್ಗೆ ಚಿಲ್ರೆ ಕೊಟ್ಬುಟ್ಟೆ ಕನವ್ವ,” ಎಂದು ಅಳುಕಿ ನೋಡಿದ.

“ಬುಡು. ಮಾದಪ್ಪಂಗೂ ಕೇರಳ ನೋಡಾಸೆ ಇತ್ತೇನೋ.”

ಮೂರನೆಯದಕ್ಕೆ ಅವನು ಕೊಟ್ಟ ಬೇರೆ ನೋಟನ್ನೇ ಬಟ್ಟೆಯ ಅರಿಶಿನಕ್ಕೆ ಉಜ್ಜಿ, ಮೂರನ್ನೂ ಸೇರಿಸಿ ಕಟ್ಟಿದರು. ಗಂಟು ಸಡಿಲವಾಗಿತ್ತು.

“ಬಿದ್ದುಹೋಗುತ್ತೆ ಅತ್ತೆ, ಬಿಗಿ ಮಾಡಿ.”

“ಬ್ಯಾಡ. ಬೆಟ್ಟುಕ್ ಓಗೋ ತಂಕ ಇಂಗೇ ಇರ್ಲಿ. ನಿನ್ ಪೋನ್ ಇನ್ನೊಂದ್ಸಲ ಸತ್ರೆ, ನನ್ ಉಗುರ್ಗೆ ಅಷ್ಟ್ ಕಸುವಿಲ್ಲ.”