ಸೋದರಸೊಸೆಯ ಹೆಡ್‌ಸೆಟ್ಟು

ವಯಸ್ಸು ಐವತ್ತು ದಾಟಿದ ಮೇಲೆ ಕಿವಿಗಳ ಮುಖ್ಯ ಕಸುಬು ಕೇಳುವುದಲ್ಲ, ಕನ್ನಡಕ ಹೊರುವುದು. ಬೆಳಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ ನನಗೆ ಈ ತತ್ತ್ವ ಹೊಳೆಯಿತು. ಕಣ್ಣಿಗಾದರೆ ಕವಿಗಳ ಕೃಪೆಯುಂಟು, ಮೂಗಿಗೆ ನೆಗಡಿಯ ಗೌರವವಾದರೂ ಉಂಟು. ಈ ಎರಡು ಬಡಪಾಯಿಗಳನ್ನು ಮಾತ್ರ, ಏನಾದರೂ ಒತ್ತಿ ನೋಯುವ ತನಕ ಯಾರೂ ವಿಚಾರಿಸುವುದಿಲ್ಲ. ನಾನು ವಿಚಾರಿಸಿದ್ದೂ ನನ್ನ ಕಿವಿಯ ದೆಸೆಯಿಂದಲ್ಲ, ತಂಗಿಯ ಮಗಳು ಶ್ರದ್ಧಾಳ ಕಿವಿಯ ದೆಸೆಯಿಂದ.

ಶ್ರದ್ಧಾ ಮೆಲ್ಕಾರಿನಲ್ಲಿ ಹಲ್ಲಿನ ಡಾಕ್ಟರು. ದಿನವಿಡೀ ಪರರ ಬಾಯೊಳಗೆ ಇಣುಕುವವಳಿಗೆ ಒಂದಿಷ್ಟು ಆಕಾಶ ನೋಡುವ ಆಸೆ ಹುಟ್ಟಿದರೆ ಆಶ್ಚರ್ಯವೇನು, ನೀವೇ ಹೇಳಿ. ರಜೆ ಸಿಕ್ಕಾಗಲೆಲ್ಲ ಘಟ್ಟ ಹತ್ತಿ, ಅಲ್ಲಿನ ತರಬೇತಿ ಕೇಂದ್ರವೊಂದರಲ್ಲಿ ಎರಡೇ ಸೀಟಿನ ಪುಟ್ಟ ವಿಮಾನ ಹಾರಿಸಲು ಕಲಿಯುತ್ತಿದ್ದಳು. ಹೊಟ್ಟೆಪಾಡಿಗಲ್ಲ, ಖುಷಿಗೆ. ಅಲ್ಲಿಯ ಹೆಡ್‌ಸೆಟ್ಟು ಎಷ್ಟೋ ಜನರ ಬೆವರು ಕುಡಿದದ್ದು. ಸ್ವಂತದ್ದೊಂದು ಬೇಕು, ದಾರಿ ತೋರಿಸುವ ಅಂಗೈಯಗಲದ ಯಂತ್ರವೂ ಬೇಕು ಎಂದಳು. ನಾನು ಎದೆಯುಬ್ಬಿಸಿ, ಅದು ನನ್ನ ಹಕ್ಕು ಎಂದೆ. ನಮ್ಮಲ್ಲಿ ಮಗುವಿನ ಕಿವಿ ಚುಚ್ಚುವುದು ಸೋದರಮಾವನ ತೊಡೆಯ ಮೇಲೆ ಕೂರಿಸಿ. ಅವಳಿಗೆ ಮೊದಲ ಓಲೆ ಕೊಟ್ಟವನು ನಾನು. ಅಂದು ಅವಳು ಕಿರುಚಿದ್ದನ್ನು ನನ್ನ ಬಲಗಿವಿ ಇಂದಿಗೂ ಮರೆತಿಲ್ಲ. ಅಂದ ಮೇಲೆ ಆ ಕಿವಿಗೆ ಇನ್ನೇನೇ ಏರಿದರೂ ಮಾವನ ಕೈಯಿಂದಲೇ ಏರಬೇಕಷ್ಟೆ.

ಮೂಡುಬಿದಿರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನನಗೆ ಕೇಳುವವರು ಸಿಕ್ಕದೆ ವರ್ಷಗಳೇ ಆಗಿದ್ದವು. ಶಬ್ದತರಂಗಗಳ ಮೇಲಿನ ಹಳೆಯ ಉಪನ್ಯಾಸಗಳೆಲ್ಲ ಧೂಳು ಕೊಡವಿಕೊಂಡು ಎದ್ದವು. ಎಂಜಿನಿನ ಗದ್ದಲವನ್ನು ಬಿಗಿಯಾಗಿ ಅದುಮಿಕೊಂಡೇ ತಡೆಯುವ ಹೆಡ್‌ಸೆಟ್ಟು ಒಂದು ಬಗೆ. ಗದ್ದಲಕ್ಕೆ ಪ್ರತಿಗದ್ದಲ ಹುಟ್ಟಿಸಿ ಎರಡನ್ನೂ ಅಡಗಿಸುವುದು, ಹಗುರವಾದದ್ದು ಆದರೆ ಬ್ಯಾಟರಿ ನುಂಗುವುದು, ಇನ್ನೊಂದು ಬಗೆ. ದಾರಿ ತೋರಿಸಲು ಫೋನು ಸಾಲದೇ ಎಂದರೆ, ಸಾಲದು: ಮೇಲೆ ಸಿಗ್ನಲ್ಲು ನೆಚ್ಚುವಂತಿಲ್ಲ, ಗಾಜಿನ ಮೂಲಕ ಬೀಳುವ ಬಿಸಿಲಿಗೆ ಅದು ಕಾದು ಕಣ್ಣು ಮುಚ್ಚಿಬಿಡುತ್ತದೆ. ಪರದೆ ದೊಡ್ಡದಾದರೆ ಕಿಟಕಿಯೇ ಮರೆಯಾಗುತ್ತದೆ. ಕೊನೆಗೆ, ತೊಡೆಗೆ ಪಟ್ಟಿ ಬಿಗಿದು ಕಟ್ಟುವಂಥ ಪುಟ್ಟ ಯಂತ್ರವನ್ನೂ ಗದ್ದಲ ಅಡಗಿಸುವ ಹೆಡ್‌ಸೆಟ್ಟನ್ನೂ ಗೊತ್ತುಮಾಡಿದೆ.

ತರುವುದು ಯಾರು? ದುಬೈಯಿಂದ ರಜೆಗೆ ಬರುವ ನೆರೆಯವರ ಪೆಟ್ಟಿಗೆಯಲ್ಲಿ ನಮ್ಮೂರಿನ ಅರ್ಧ ಆಸೆಗಳು ಪ್ರಯಾಣ ಮಾಡುತ್ತವೆ. ಪಾಣೆಮಂಗಳೂರಿನ ಹಮೀದ್ ನನ್ನ ಹಳೆಯ ಶಿಷ್ಯ. ದುಬೈಯ ಅಂಗಡಿಯಿಂದಲೇ ಫೋನು ಮಾಡಿದ.

“ಮಾಸ್ಟ್ರೇ, ಇದನ್ನು ಹಾಕಿಕೊಂಡೇ ಒಂದು ಚಾ ಕುಡಿದು ಮುಗಿಸಿದೆ. ತಲೆ ಮೇಲೆ ಏನಾದ್ರೂ ಉಂಟು ಅಂತಲೇ ಗೊತ್ತಾಗ್ಲಿಲ್ಲ ಮಾರಾಯ್ರೆ!”

ಬಂದ ಮೇಲೆ ನಾನೂ ಪರೀಕ್ಷಿಸಿದೆ. ಮಿಕ್ಸಿ ತಿರುಗುವ ಅಡುಗೆಮನೆಯಲ್ಲಿ ಹಾಕಿಕೊಂಡು ಕುಳಿತೆ. ಮಿಕ್ಸಿಯೂ ಕೇಳಲಿಲ್ಲ, ತೆಂಗಿನಕಾಯಿ ತುರಿದುಕೊಡಿ ಎಂದ ಹೆಂಡತಿಯೂ ಕೇಳಲಿಲ್ಲ. ಇಂಥ ಶಾಂತಿ ನಿವೃತ್ತಿಯಲ್ಲೂ ಸಿಕ್ಕಿರಲಿಲ್ಲ. ಕನ್ನಡಕದ ಕಡ್ಡಿಯ ಸಂದಿನಿಂದ ಸದ್ದು ನುಸುಳುತ್ತದೋ ಎಂದೂ ನೋಡಿದೆ. ಶಾಸ್ತ್ರೋಕ್ತವಾಗಿ ಎಲ್ಲವನ್ನೂ ನೋಡಿದೆ, ಸ್ವಾಮಿ.

ಶ್ರದ್ಧಾ ಅದನ್ನು ಧರಿಸಿ ಹಾರಿದ ದಿನ ಸಂಜೆ ಫೋನು ಬಂತು. ಅರ್ಧ ಗಂಟೆಯೊಳಗೆ ಓಲೆಯ ಹಿಂದಿನ ತಿರುಪು ಒತ್ತಿ, ಕಿವಿ ಕಿತ್ತುಹೋಗುವಷ್ಟು ನೋವು. ತಡೆಯಲಾಗದೆ ಒಂದು ಬದಿ ಸರಿಸಿದಳು. ಪಕ್ಕದಲ್ಲಿದ್ದ ಶಿಕ್ಷಕರು ನೋಡಿದರು. ಒಬ್ಬಳೇ ಹೋದಾಗಲೂ ಹೀಗೆ ಸರಿಸಿದರೆ ಕೆಳಗಿನಿಂದ ರೇಡಿಯೋದಲ್ಲಿ ಹೇಳಿದ್ದು ಕೇಳಿಸುವುದು ಹೇಗೆ, ಇದು ಸರಿಯಾಗುವ ತನಕ ದೂರದ ಒಂಟಿ ಹಾರಾಟಕ್ಕೆ ಬಿಡುವುದಿಲ್ಲ ಎಂದರು. ಅಯ್ಯೋ ನನ್ನ ಪಾಂಡಿತ್ಯವೇ! ಎರಡು ಗಂಡು ತಲೆಗಳು ಸೇರಿ ಎಲ್ಲವನ್ನೂ ಅಳೆದೆವು. ನಾನೇ ತೊಡಿಸಿದ ಓಲೆಯನ್ನು ಮಾತ್ರ ಇಬ್ಬರೂ ನೆನೆಯಲಿಲ್ಲ.

ಓಲೆ ತೆಗೆದರಾಯಿತಲ್ಲ ಎನ್ನುತ್ತೀರಿ. ನೀವು ನನ್ನ ತಂಗಿ ಸುಮತಿಯನ್ನು ಕಂಡಿಲ್ಲ. ಲಾಯಿಲದಲ್ಲಿ ಹೋಟೆಲು ನಡೆಸುವ ಅವಳು ಮಗಳ ಹಾರಾಟವನ್ನು ಹೇಗೋ ನುಂಗಿಕೊಂಡಿದ್ದಳು, ಇದನ್ನು ನುಂಗಲಿಲ್ಲ. ಶ್ರದ್ಧಾ ಮನೆಗೆ ಬಂದು ವಿಷಯ ತೆಗೆದಾಗ ನಾನೂ ಅಲ್ಲಿದ್ದೆ.

“ಬೋಳು ಕಿವಿಯಲ್ಲಿ ಅವಳನ್ನು ಹೊಸಿಲು ದಾಟ್ಲಿಕ್ಕೇ ಬಿಟ್ಟವಳಲ್ಲ ನಾನು. ಆಕಾಶಕ್ಕೆ ಕಳಿಸ್ಲಿಕ್ಕುಂಟಾ ಅಣ್ಣ?”

“ಅಲ್ಲಿ ಹೋಗಿ ನಿನಗೆ ಗೊತ್ತಾಗದ ಹಾಗೆ ತೆಗೀಬಹುದಮ್ಮ,” ಎಂದಳು ಶ್ರದ್ಧಾ. “ಆದ್ರೆ ನಿನಗೆ ಕದ್ದು ಹಾರ್ಲಿಕ್ಕೆ ನನಗೆ ಮನಸ್ಸಿಲ್ಲ. ನೀನು ಬೇಡ ಅಂದ್ರೆ ಇಲ್ಲಿಗೇ ಬಿಡ್ತೇನೆ.”

ಸುಮತಿ ಮೇಜಿನ ಮೇಲಿದ್ದ ದಾರಿ ತೋರಿಸುವ ಯಂತ್ರವನ್ನು ಎತ್ತಿ ತಿರುಗಿಸಿ ನೋಡಿದಳು. “ನೀನು ಎಲ್ಲಿದ್ದಿ ಅಂತ ಇದು ನಿನಗೆ ಹೇಳ್ತದೆ. ನನಗೆ ಯಾರು ಹೇಳುವುದು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ನನ್ನ ಭೌತಶಾಸ್ತ್ರದಲ್ಲಿ ಆ ಪ್ರಶ್ನೆಗೆ ಪಾಠವೇ ಇರಲಿಲ್ಲ.

ಮಗಳು ಘಟ್ಟಕ್ಕೆ ಹೊರಡುವ ಬೆಳಗ್ಗೆ ಸುಮತಿ ಹಿತ್ತಿಲಿನಿಂದ ತೆಂಗಿನ ಹಸಿ ಗರಿಯೊಂದನ್ನು ತಂದಳು. ಅದರ ಕಡ್ಡಿ ಸೀಳಿ, ನಯವಾಗಿ ಹೆರೆದು, ಎಣ್ಣೆ ಸವರಿದಳು. ಮಗಳನ್ನು ಎದುರು ಕೂರಿಸಿ ತಿರುಪು ಬಿಚ್ಚಿ ಓಲೆ ತೆಗೆದು ನನ್ನ ಅಂಗೈಗೆ ಹಾಕಿದಳು. ತೂತಿನಲ್ಲಿ ಕಡ್ಡಿ ಸೇರಿಸಿ, ಮುಂದೂ ಹಿಂದೂ ಚೂರೂ ಚಾಚದಂತೆ ಕತ್ತರಿಸಿದಳು. ಶ್ರದ್ಧಾ ಚಿಕ್ಕವಳಿದ್ದಾಗ ಕಿವಿ ಹುಣ್ಣಾದರೆ ಹೀಗೆಯೇ ಮಾಡುತ್ತಿದ್ದಳು.

“ಇನ್ನು ಬೋಳು ಅಲ್ಲ,” ಎಂದಳು. “ಹೋಗಿ ಬಾ.” ಹೆಡ್‌ಸೆಟ್ಟನ್ನು ನಾನು ತೊಡಿಸಿದೆ. ಒತ್ತುತ್ತದೆಯೇ ಎಂದರೆ ಶ್ರದ್ಧಾ ತಲೆಯಾಡಿಸಿ ಇಲ್ಲವೆಂದಳು.

ಒಂಟಿ ಹಾರಾಟದ ದಿನ ನಾನು ತಂಗಿಯ ಹೋಟೆಲಿನಲ್ಲೇ ಕೂತಿದ್ದೆ. ಸಾಂಬಾರಿಗೆ ಎರಡು ಸಲ ಉಪ್ಪು ಬಿದ್ದು, ಗಿರಾಕಿಗಳು ಸುಮತಿಯ ಮುಖ ನೋಡಿ ಸುಮ್ಮನೆ ನೀರು ಕುಡಿದರು. ಮಧ್ಯಾಹ್ನ ಕಳೆದ ಮೇಲೆ ಫೋನು ಹೊಡೆದುಕೊಂಡಿತು. ಇಳಿದೆಯಾ, ಹೆದರಿಕೆಯಾಯಿತಾ, ದಾರಿ ತಪ್ಪಿತಾ ಎಂದು ಕೇಳಲು ನನ್ನ ನಾಲಗೆ ತುದಿಯಲ್ಲಿ ಪ್ರಶ್ನೆಗಳ ಸಾಲೇ ಇತ್ತು. ಸುಮತಿ ಸ್ಪೀಕರು ಒತ್ತಿ ಕೇಳಿದ್ದು ಒಂದೇ.

“ಕಡ್ಡಿ ಉಂಟಾ ಮಗಾ?”

“ಉಂಟಮ್ಮ. ಎರಡೂ ಉಂಟು.”

ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಕನ್ನಡಕ ಮಂಜಾಗಿತ್ತು. ತೆಗೆದು ಮೇಜಿನ ಮೇಲಿಟ್ಟೆ. ಹೊರುವ ಕೆಲಸ ತಪ್ಪಿದ ಕಿವಿಗಳು ಸೊಸೆಯ ನಗುವನ್ನು ಸುಮ್ಮನೆ ಕೇಳುತ್ತಿದ್ದವು.