ತೊಡೆಯ ಮಾಂಸ ಆರಿಸಲು ಕಲಿಸಿದ ಕಾಕ

ಕಳೆದ ಶುಕ್ರವಾರ ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ, ನಾವಿರುವ ಗಲ್ಫ್ ನಗರದ ಗುಫೂಲ್‌ನ ಮಾಂಸದಂಗಡಿಯೊಂದಕ್ಕೆ ಹೋಗಿದ್ದೆ. ಜುಮ್ಮಾ ನಮಾಜಿಗೆ ಬಾಗಿಲು ಹಾಕುವ ಆತುರದಲ್ಲಿದ್ದ ಅಂಗಡಿಯವನು ಮರದ ಕೊರಡಿನ ಮೇಲೆ ಕಲ್ಲುಪ್ಪು ಸುರಿದು ಬಿಸಿನೀರಿನಲ್ಲಿ ಉಜ್ಜುತ್ತಿದ್ದ. ಒದ್ದೆ ಮರ, ಉಪ್ಪು, ಅದರಡಿಯಲ್ಲೆಲ್ಲೋ ಹಸಿಮಾಂಸ... ಆ ವಾಸನೆ ತಾಗಿದ ಕೂಡಲೇ ಗುದೈಬಿಯಾದ ಮಾಂಸದಂಗಡಿಯ ಕಾಕ ನೆನಪಾದರು.

ಅವರ ಅಂಗಡಿಗೆ ನಾನು ಮೊದಲು ಹೋದದ್ದು ಭಯದಿಂದ. ಸೀಫ್‌ನ ಕಚೇರಿಯಲ್ಲಿ ಕುಳಿತೇ ಮಾಡುವ ಕೆಲಸ. ಎರಡು ವರ್ಷಗಳಲ್ಲಿ ನನ್ನ ತೂಕ ಒಂಬತ್ತು ಕಿಲೋ ಏರಿತ್ತು. ರಕ್ತದ ಸಕ್ಕರೆ ಗಡಿಯಲ್ಲಿದೆ, ಮೂರು ತಿಂಗಳಲ್ಲಿ ತೂಕ ಇಳಿಯದಿದ್ದರೆ ಮಾತ್ರೆ ಆರಂಭಿಸಬೇಕಾಗುತ್ತದೆ ಎಂದು ವೈದ್ಯೆ ಹೇಳಿದ್ದರು. ಅದೇ ಕಾಯಿಲೆಯಿಂದ ಅಮ್ಮ ದೃಷ್ಟಿ ಕಳೆದುಕೊಂಡದ್ದನ್ನು ನಾನು ಹತ್ತಿರದಿಂದ ಕಂಡವಳು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗಳಾದ ನನಗೆ, ಯಾವ ಸಂಕಟಕ್ಕೂ ಓದಿನಲ್ಲಿ ಉತ್ತರವಿದೆ ಎಂಬ ನಂಬಿಕೆಯಿತ್ತು. ಆದ್ದರಿಂದ ಕೊಬ್ಬು ಕಡಿಮೆಯಿರುವ ದನದ ಮಾಂಸದ ಭಾಗಗಳ ಇಂಗ್ಲಿಷ್ ಪಟ್ಟಿಯೊಂದನ್ನು ಮುದ್ರಿಸಿಕೊಂಡು ಹೋಗಿದ್ದೆ.

ಕಾಕ ಉಳ್ಳಾಲದ ಕಡೆಯ ಬ್ಯಾರಿ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ನಾನು ಪಟ್ಟಿಯನ್ನು ಉಚ್ಚಾರ ತಪ್ಪದಂತೆ ಓದಿ ಮುಗಿಸುವವರೆಗೂ ತಾಳ್ಮೆಯಿಂದ ಕೇಳಿದರು.

"ಹೆಸರೆಲ್ಲ ಚಂದ ಉಂಟು ಬಾಯಮ್ಮ. ದನಕ್ಕೆ ಗೊತ್ತುಂಟಾ?"

ಬಳಿಕ ಎರಡು ತುಂಡುಗಳನ್ನು ಮುಂದಿಟ್ಟರು. ಒಂದರ ಅಂಚಿನಲ್ಲಿ ದಪ್ಪನೆಯ ಕೊಬ್ಬಿತ್ತು. ಇನ್ನೊಂದು ಕೆಂಪಗಿದ್ದು, ಒಳಗೆ ನೂಲಿನಂಥ ಬಿಳಿ ಗೆರೆಗಳಿದ್ದವು. ಯಾವುದು ಬೇಕೆಂದು ಕೇಳಿದಾಗ ನಾನು ಧೈರ್ಯದಿಂದ ಎರಡನೆಯದನ್ನು ತೋರಿಸಿದೆ.

"ಸೋತ್ರಿ," ಎಂದು ನಕ್ಕರು. "ಹೊರಗಿನ ಕೊಬ್ಬು ನನ್ನ ಕತ್ತಿಗೆ ಬರ್ತದೆ. ಒಳಗಿನದ್ದು ದೇವರು ಇಟ್ಟದ್ದು, ತೆಗಿಲಿಕ್ಕೆ ಆಗುದಿಲ್ಲ." ಮೊದಲನೆಯದು ಹಿಂಗಾಲಿನ ತೊಡೆ. ಅಂಚನ್ನು ಸವರಿ ತೆಗೆದು, ಅಚ್ಚಗೆಂಪು ಮಾಂಸವನ್ನು ಕಟ್ಟಿಕೊಟ್ಟರು.

ಮುಂದಿನ ಶುಕ್ರವಾರ ನಾನು ದೂರು ಹೊತ್ತು ಹೋದೆ. ಮಾಂಸ ಚಪ್ಪಲಿಯ ಅಟ್ಟೆಯಂತಾಗಿತ್ತು. ನನ್ನ ಗಂಡ ಅಗಿದು ಸೋತು ಮೊಟ್ಟೆ ಹುರಿದುಕೊಂಡಿದ್ದರು. ಹೇಗೆ ಮಾಡಿದಿರೆಂದು ಕಾಕ ವಿಚಾರಿಸಿದರು. ಅಮ್ಮ ಮಾಡುತ್ತಿದ್ದಂತೆಯೇ ದೊಡ್ಡ ತುಂಡುಗಳು, ಕುಕ್ಕರಿನಲ್ಲಿ ನಾಲ್ಕು ಕೂಗು, ಆಮೇಲೆ ತೆಂಗಿನ ಚೂರುಗಳೊಂದಿಗೆ ತೆಂಗಿನೆಣ್ಣೆಯಲ್ಲಿ ಹುರಿದೆ ಎಂದೆ.

"ಎಣ್ಣೆ ಎಷ್ಟು?"

ಬಾಣಲೆಯಲ್ಲಿ ಎಷ್ಟು ಎತ್ತರಕ್ಕೆಂದು ಬೆರಳಿನಲ್ಲಿ ತೋರಿಸಿದೆ.

"ಅಷ್ಟು ಕಷ್ಟಪಟ್ಟು ಕೊಬ್ಬು ಇಲ್ಲಿ ಬಿಟ್ಟು ಹೋದ್ರಿ, ಮನೆಯಲ್ಲಿ ಬಾಟ್ಲಿಯಿಂದ ವಾಪಸ್ ಹಾಕಿದ್ರಿ. ಇದೆಂತ ಕತೆ ಮಾರಾಯ್ರೆ?"

ಅಂದಿನಿಂದ ನನ್ನ ನಿಜವಾದ ಕಲಿಕೆ ಆರಂಭವಾಯಿತು. ತೊಡೆಯ ಮಾಂಸವನ್ನು ಎಳೆಗೆ ಅಡ್ಡವಾಗಿ, ತೆಳುವಾಗಿ ಕೊಯ್ಯಬೇಕು. ವಿನೆಗರ್, ಕರಿಮೆಣಸು ಹಚ್ಚಿಟ್ಟು ಸಣ್ಣ ಉರಿಯಲ್ಲಿ ಅದರ ನೀರಿನಲ್ಲೇ ಬೇಯಿಸಬೇಕು. ಎಣ್ಣೆ ಒಂದು ಚಮಚ. ಎದೆ ಮತ್ತು ಪಕ್ಕೆಲುಬಿನ ಭಾಗ ಹಬ್ಬಕ್ಕೆ ಮಾತ್ರ. "ಮಾಡಿಟ್ಟ ಖೀಮಾ ಕೊಂಡು ಹೋಗ್ಬೇಡಿ, ನನ್ನ ಅಂಗಡಿಯದ್ದಾದ್ರೂ ಸಹ," ಎನ್ನುತ್ತಿದ್ದರು. ತೊಡೆಯ ತುಂಡನ್ನು ಆರಿಸಿ ನನ್ನ ಕಣ್ಣೆದುರೇ ರುಬ್ಬಿಕೊಡುತ್ತಿದ್ದರು.

ಮೂರು ತಿಂಗಳು ಮುಗಿದಾಗ ತೂಕ ಆರು ಕಿಲೋ ಇಳಿದಿತ್ತು. ಮಾತ್ರೆ ಬೇಡವೆಂದರು ವೈದ್ಯೆ. ಆಸ್ಪತ್ರೆಯಿಂದ ನೇರವಾಗಿ ಅಂಗಡಿಗೇ ಹೋಗಿ ಹೇಳಿದೆ. ಕಾಕ ಕತ್ತಿ ಕೆಳಗಿಟ್ಟು, "ಭೇಷ್!" ಎಂದು ಬಾಯ್ತುಂಬ ನಕ್ಕರು. ನಗುತ್ತಲೇ, ಗಿರಾಕಿಗಳು ಬೇಡವೆಂದು ಬಿಟ್ಟ ಕೊಬ್ಬು, ಚೂರುಪಾರು ಎಲ್ಲವನ್ನೂ ಎಂದಿನಂತೆ ಒಂದು ಚೀಲಕ್ಕೆ ತುಂಬುತ್ತಿದ್ದರು. ಓಣಿಯ ಬೆಕ್ಕುಗಳಿಗಿರಬೇಕೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

"ಬೆಕ್ಕುಗಳಿಗೆ ಅಷ್ಟೊಂದಾ ಕಾಕ?"

"ಬೆಕ್ಕಿಗಲ್ಲ, ರೂಮಿಗೆ. ಎಂಟು ಜನ, ಒಂದೇ ಪಾತ್ರೆ. ಸಾರಿಗೆ ರುಚಿ ಬೇಕಲ್ಲ?"

ಗೆದ್ದ ಹುಮ್ಮಸ್ಸಿನಲ್ಲಿದ್ದ ನಾನು, ಅವರ ಪಾಠವನ್ನೇ ತಪ್ಪಿಲ್ಲದ ವಾಕ್ಯಗಳಲ್ಲಿ ಅವರಿಗೆ ಒಪ್ಪಿಸಿದೆ. ಅವರು ತಲೆಯಾಡಿಸಿದರು. "ನನ್ನ ಡಾಕ್ಟ್ರು ಕೂಡ ಇದನ್ನೇ ಹೇಳಿದ್ದು. ಆದ್ರೆ ನಿಮಗೆ ನಿಮ್ಮದೇ ಒಲೆ ಉಂಟು ಬಾಯಮ್ಮ. ನನ್ನ ಅಡುಗೆಯ ಪಾಳಿ ಗುರುವಾರ ಮಾತ್ರ."

ಆ ಬಳಿಕ ಶುಕ್ರವಾರಗಳಂದು ತೊಡೆಯ ಮಾಂಸದ ಪಲ್ಯವನ್ನು ಡಬ್ಬಿಯಲ್ಲಿ ಒಯ್ದು ಕೊಡುತ್ತಿದ್ದೆ. ಅದನ್ನೂ ಅವರು ಎಂಟು ಪಾಲು ಮಾಡುತ್ತಿದ್ದರೆಂದು ತಿಳಿದದ್ದು ತಡವಾಗಿ... ಅವರು ರಜೆಯಲ್ಲಿ ಊರಿಗೆ ಹೋಗಿ, ಅವರ ಜಾಗಕ್ಕೆ ಬೇರೊಬ್ಬರು ಬಂದು ಹೇಳಿದ ಮೇಲೆ. ಊರು ತಲುಪಿದ ಎರಡನೆಯ ವಾರ ಕಾಕನ ಹೃದಯ ನಿಂತಿತಂತೆ. ಕಾರಣ ಇದೇ ಎಂದು ಹೇಳುವ ಅರ್ಹತೆ ನನಗಿಲ್ಲ. ನನ್ನ ತಟ್ಟೆಯಿಂದ ಇಳಿದದ್ದು ಅವರ ಪಾತ್ರೆಗೆ ಏರುತ್ತಿತ್ತು ಎಂಬುದಂತೂ ಸತ್ಯ.

ಈಗ ಯಾವ ಅಂಗಡಿಯ ಮುಂದೆ ನಿಂತರೂ ನನಗೆ ಅನುಮಾನವಿಲ್ಲ. ಪಟ್ಟಿಯೂ ಬೇಕಿಲ್ಲ, ಕಣ್ಣು ಸಾಕು. ಈ ವಾರದ ತಪಾಸಣೆಯಲ್ಲೂ ಸಕ್ಕರೆ ಹತೋಟಿಯಲ್ಲೇ ಇತ್ತು. ವೈದ್ಯೆ ವರದಿಯನ್ನು ಎರಡು ಸಲ ನೋಡಿ, ಇಷ್ಟು ವರ್ಷ ನಿಮಗೆ ಆಹಾರದ ಸಲಹೆ ಕೊಟ್ಟವರು ಯಾರು, ಬೇರೆ ರೋಗಿಗಳನ್ನೂ ಅವರಲ್ಲಿಗೆ ಕಳುಹಿಸಬಹುದಿತ್ತು, ನಂಬರ್ ಕೊಡಿ ಎಂದರು.

ನಂಬರ್ ನನ್ನ ಫೋನಿನಲ್ಲಿ ಇನ್ನೂ ಇದೆ. ಅವರು ಊರಿಗೆ ಹೋಗಿದ್ದಾರೆ ಎಂದಷ್ಟೇ ಹೇಳಿದೆ.