ನೀರಿಲ್ಲದ ಪೈಪಿನ ಸದ್ದು

ನನ್ನ ಕಸುಬು ನೀರಿನ ಪೈಪು ಜೋಡಿಸುವುದು. ಈ ಕಸುಬಿನವನು ಭೂತ ಪ್ರೇತ ಎಂದು ಹೆದರುತ್ತ ಕುಳಿತರೆ ಹೊಟ್ಟೆಪಾಡು ನಡೆಯುವುದಿಲ್ಲ. ಗೋಡೆಯೊಳಗೆ ಯಾರೋ ನರಳುತ್ತಾರೆ, ಬಚ್ಚಲಲ್ಲಿ ಯಾರೋ ಗುದ್ದುತ್ತಾರೆ ಎಂದು ಜನ ಬೆವರಿಳಿಸಿಕೊಂಡು ನನ್ನನ್ನು ಕರೆಯುತ್ತಿದ್ದರು. ನಾನು ಹೋಗಿ ಸಡಿಲಾದ ಒಂದು ಕೊಂಡಿ ಬಿಗಿದು, 'ಇಕಾ ನಿಮ್ಮ ಭೂತ' ಎಂದು ನಕ್ಕು ಬರುತ್ತಿದ್ದೆ. ಈಗ ಬರೆಯುವ ಸಂಗತಿಯನ್ನು ಆಗ ಯಾರಾದರೂ ನನ್ನೆದುರು ಹೇಳಿದ್ದರೆ ಅವರ ಮುಖಕ್ಕೇ ನಗುತ್ತಿದ್ದೆ. ಆದ್ದರಿಂದ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಅದು ಎರಡನೆಯ ಮಹಾಯುದ್ಧದ ಕಾಲ. ಬೊಂಬಾಯಿಯಲ್ಲಿ ಒಂಬತ್ತು ವರ್ಷ ಪೈಪಿನ ಕೆಲಸ ಕಲಿತು, ಬಾಂಬು ಬೀಳುತ್ತದಂತೆ ಎಂಬ ಹೆದರಿಕೆಗೆ ಊರಿಗೆ ಬಂದವನು ನಾನು. ನಮ್ಮ ಕಡೆ ನಲ್ಲಿ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ, ಬೈಂದೂರಿನಿಂದ ಬ್ರಹ್ಮಾವರದವರೆಗೆ ಆ ಕೆಲಸಕ್ಕೆ ನಾನೊಬ್ಬನೇ. ಸ್ವಲ್ಪ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ.

ಕೋಟೇಶ್ವರದಿಂದ ತುಸು ಒಳಗೆ ರುಕ್ಮಿಣಿಯಮ್ಮ ಎಂಬವರ ಮನೆ. ಮಗ ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದ. ತಾಯಿ ನೀರು ಸೇದಿ ಸೇದಿ ಸೊಂಟ ಮುರಿದುಕೊಳ್ಳಬಾರದು ಎಂದು ಬಾವಿಗೆ ಕೈಪಂಪು ಹಾಕಿಸಿ, ಹಿತ್ತಿಲಲ್ಲಿ ಎತ್ತರದ ಟಾಂಕಿ ಕಟ್ಟಿಸಿ, ಅಡುಗೆಮನೆಗೂ ಬಚ್ಚಲಿಗೂ ನಲ್ಲಿ ಮಾಡಿಸಿದ್ದ. ಮದುವೆಯಾಗಿ ಹೆಂಡತಿ ಪದ್ಮಾವತಿಯನ್ನು ತಾಯಿಯ ಬಳಿ ಬಿಟ್ಟು ಹೋಗಿ ಆರು ತಿಂಗಳಾಗಿತ್ತು. ಸದ್ದು ಶುರುವಾದದ್ದೂ ಅವಳು ಬಂದ ಮೇಲೆಯೇ. ಅಡುಗೆಮನೆಯ ನಲ್ಲಿ ತಿರುಗಿಸಿದರೆ ಇಡೀ ಪೈಪು ಹೂಂಕರಿಸುತ್ತಿತ್ತು, ನಿಲ್ಲಿಸಿದರೆ ಗೋಡೆಗೆ ಒನಕೆಯಲ್ಲಿ ಕುಟ್ಟಿದ ಹಾಗೆ ದಢ್ ಎನ್ನುತ್ತಿತ್ತು.

ನಾನು ಹೋದ ಬೆಳಿಗ್ಗೆ ರುಕ್ಮಿಣಿಯಮ್ಮ ಜಗಲಿಯಲ್ಲೇ ನಿಂತು, ಸೊಸೆಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದರು. "ಈ ಹೆಣ್ಣ್ ಒಳಗ್ ಕಾಲಿಟ್ಟದ್ದೇ ಸೈ, ನಲ್ಲಿ ಬೊಬ್ಬೆ ಹೊಡೂಕ್ ಶುರು ಮಾಡ್ತ್. ಇವತ್ತ್ ಸಂಜಿಗೆ ಇದ್ರ ಅಪ್ಪ ಬತ್ರ್. ಕರ್ಕಂಡ್ ಹೋಯ್ಲಿ. ಮಗನಿಗೂ ಕಾಗ್ದ ಬರ್ಸಿದೆ."

"ಹಂಗಾರೆ ನನ್ನನ್ನ್ ಎಂತಕ್ ಕರ್ದದ್ದ್ ಅಮ್ಮ?" ಎಂದು ಕೇಳಿದೆ.

"ಮಗ ಬರ್ದಿದ್ದ, ಒಂದ್ ಸಲ ಫಿಟ್ರಿಗೆ ತೋರ್ಸಿ ಅಂದೇಳಿ. ತೋರ್ಸಿದ್ ಹಾಂಗ್ ಆಯ್ಲಿ."

ನನಗೆ ಸಿಟ್ಟು ನೆತ್ತಿಗೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಆ ಕಾಲದಲ್ಲಿ ಗಂಡನ ಮನೆಯಿಂದ ಹೀಗೆ ಹೊರಟ ಹೆಣ್ಣು ಮತ್ತೆ ಆ ಹೊಸ್ತಿಲು ತುಳಿಯುವುದು ಸುಳ್ಳು. "ಸಂಜಿ ಒಳಗೆ ಸದ್ದ್ ನಿಲ್ಸಿ ಕೊಡ್ತೆ" ಎಂದು ಹೇಳಿ ಚೀಲ ಬಿಚ್ಚಿದೆ.

ನಮ್ಮ ಜಾತಿಯವರು ಆ ಅಡುಗೆಮನೆಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ಗೋಡೆಯ ಹೊರಗೆ ನಿಂತು, ಒಂದು ಕೋಲಿನ ತುದಿಯನ್ನು ಪೈಪಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಂಡೆ. ಒಳಗೆ ಪದ್ಮಾವತಿ. "ಬಿಡಿ ಅಮ್ಮ" ಎಂದರೆ ನಲ್ಲಿ ಬಿಡುವಳು, "ನಿಲ್ಸಿ" ಎಂದರೆ ನಿಲ್ಲಿಸುವಳು. ಹತ್ತು ಸಲ ಹೀಗೆ ಮಾಡಿದ ಮೇಲೆ ರೋಗ ನಲ್ಲಿಯ ಬಾಯಲ್ಲೇ ಇದೆ ಎಂದು ಖಾತ್ರಿಯಾಯಿತು. ಟಾಂಕಿಯ ನೀರು ಖಾಲಿ ಮಾಡಿ, ಕಿಟಕಿಯಿಂದ ತಿರುಪು ಬಿಚ್ಚುವ ಪಾನವನ್ನು ಒಳಗೆ ಕೊಟ್ಟು, ನಲ್ಲಿ ಬಿಚ್ಚುವ ಬಗೆಯನ್ನು ಹೊರಗಿನಿಂದಲೇ ಹೇಳಿದೆ. ಹುಡುಗಿ ಚುರುಕು. ಎರಡೇ ನಿಮಿಷದಲ್ಲಿ ಬಿಚ್ಚಿ, ಸೆರಗಿನಲ್ಲಿ ಒರೆಸಿ, ಕಿಟಕಿಯಲ್ಲಿ ಇಟ್ಟಳು.

ನಲ್ಲಿಯೊಳಗೆ ನೋಡಿದರೆ ವಾಷರು ಇರಬೇಕಾದಲ್ಲಿ ಅಡಿಕೆ ಹಾಳೆಯ ಚೂರು! ನೆನೆದು ಮೆತ್ತಗಾಗಿ, ನೀರು ಬಂದಾಗಲೆಲ್ಲ ಪಟಪಟ ಬಡಿದುಕೊಂಡು ಅಂಚೆಲ್ಲ ಹರಿದುಹೋಗಿತ್ತು. ಇನ್ನು ಹೂಂಕರಿಸದೆ ಏನು ಮಾಡೀತು? ನಿಲ್ಲಿಸುವಾಗ ಅದು ಗಪ್ಪನೆ ಬಾಯಿ ಮುಚ್ಚುತ್ತಿತ್ತು. ಓಡುವ ನೀರನ್ನು ಹಾಗೆ ತಡೆದರೆ ಅದು ಪೈಪಿಗೆ ಗುದ್ದದೆ ಬಿಡುವುದಿಲ್ಲ.

ಜಗಲಿಗೆ ಹೋಗಿ ರುಕ್ಮಿಣಿಯಮ್ಮನಿಗೆ ತೋರಿಸಿದೆ. ಅವರು ಒಂದಿಷ್ಟೂ ಅಳುಕದೆ ಹೇಳಿದರು, "ಅದ್ ನಾನೇ ಹಾಕ್ಸಿದ್ದ್. ಮುಂಚೆ ಅದ್ರೊಳಗ್ ತೊಗಲ್ ಇದ್ದಿತ್ತಂಬ್ರ್. ತೊಗಲ್ ಮುಟ್ಟಿದ್ ನೀರ್ ದೇವ್ರಿಗ್ ಇಡೂಕ್ ಆತ್ತಾ? ಮಗನ ಮದ್ವಿ ಕಳ್ದ್ ವಾರಕ್ಕೆ ನಮ್ ಆಳಿನ ಹತ್ರ ತೆಗ್ಸಿ ಹಾಳಿ ಹಾಕ್ಸ್ದೆ."

"ಅಲ್ಲ ಅಮ್ಮ, ಸದ್ದ್ ಶುರುವಾದದ್ದೂ ಆಗ್ಲೇ ಅಲ್ದಾ?"

ಅವರು ತೊಗಲಿನ ಮಾತನ್ನೇ ಮತ್ತೆ ಎತ್ತಿದರು. ಮಡಿಯನ್ನು ನಾನು ಹಳಿಯುವುದಿಲ್ಲ, ಅದು ಅವರವರ ನಡೆ. ತೊಗಲು ಬೇಡವಾದರೆ ರಬ್ಬರು ಹಾಕುವ ಎಂದೆ. ರಬ್ಬರು ಎಂದರೆ ಮರದ ಹಾಲು, ಹಲಸಿನ ಮೇಣ ಇದ್ದ ಹಾಗೆ ಎಂದು ತಿಳಿಸಿದ ಮೇಲೆ "ಹಂಗಾರೆ ಅಡ್ಡಿಲ್ಲ" ಎಂದರು. ಬಾವಿಯ ಪಂಪಿನ ಹೊಟ್ಟೆಯೊಳಗೂ ತೊಗಲಿನದೇ ಬಟ್ಟಲು ಇದೆ ಎಂಬುದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಯುದ್ಧದ ಕಾಲದಲ್ಲಿ ರಬ್ಬರು ಎಲ್ಲಿಂದ ಬರಬೇಕು? ಕೋಟೇಶ್ವರದಲ್ಲಿ, ಪೆಟ್ರೋಲು ಸಿಗದೆ ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ನಿಲ್ಲುವಲ್ಲಿಗೆ ಹೋಗಿ, ಪರಿಚಯದ ಡ್ರೈವರನನ್ನು ಕಾಡಿ ಬೇಡಿ ಹರಿದ ಟ್ಯೂಬಿನ ಒಂದು ತುಂಡು ತರಬೇಕಿತ್ತು. ಹೊರಡುವ ಮೊದಲು, ನಾನಿಲ್ಲದಾಗ ಯಾರಾದರೂ ಪಂಪು ಹೊಡೆದು ಅಡುಗೆಮನೆಯನ್ನೆಲ್ಲ ಕೆರೆ ಮಾಡಬಾರದು ಎಂದು ಪಂಪಿನ ಹಿಡಿಯನ್ನೇ ಕಳಚಿ ತಂದು ಟಾಂಕಿಯ ಬುಡದಲ್ಲಿ ಇಟ್ಟೆ. ಪಂಪಿನಿಂದ ಟಾಂಕಿಗೆ ಬರುವ ಪೈಪನ್ನೂ ಅಲ್ಲೇ ಬಿಚ್ಚಿ ನೀರು ಬಸಿದೆ. ಒಂದು ಕೆಲಸ ಮಾತ್ರ ಮಾಡಲಿಲ್ಲ. ಒಳಗಿದ್ದ ಹುಡುಗಿಗೆ 'ಕಾರಣ ಸಿಕ್ಕಿತು' ಎಂಬ ಒಂದು ಮಾತು ಹೇಳಲಿಲ್ಲ. ಅದು ನನ್ನ ತಪ್ಪು. 

ತಿರುಗಿ ಬಂದಾಗ ನೆತ್ತಿಯ ಮೇಲಿನ ಬಿಸಿಲು. ರುಕ್ಮಿಣಿಯಮ್ಮ ಊಟ ಮಾಡಿ ಮಲಗಿದ್ದರು, ಆಳು ಮನೆಗೆ ಹೋಗಿದ್ದ. ನಾನು ಟಾಂಕಿಯ ನೆರಳಿನಲ್ಲಿ ಕುಳಿತು ರಬ್ಬರು ಕತ್ತರಿಸುತ್ತಿದ್ದೆ. ಆಗ ಬಾವಿಯ ಕಡೆಯಿಂದ ಬರುವ ಪೈಪು ಸದ್ದು ಮಾಡಿತು. ಠಣ್ ಠಣ್ ಠಣ್. ಸ್ವಲ್ಪ ತಡೆದು ಮತ್ತೆ ಮೂರು. ಕೈಯಿಟ್ಟು ನೋಡಿದೆ, ಅಂಗೈಗೆ ಅದುರು ತಾಗಿತು. ಮೂರನೆಯ ಸಲ ಇನ್ನೂ ಜೋರಾಗಿ ಬಂತು.

ಯಾರೋ ಬಾವಿಯ ಹತ್ತಿರ ನನ್ನ ಪಂಪನ್ನು ಕುಟ್ಟುತ್ತಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಕತ್ತರಿ ಎಸೆದು, ಚೆನ್ನಾಗಿ ನಾಲ್ಕು ಬೈದು ಬರುತ್ತೇನೆ ಎಂದು ದಾಸವಾಳದ ಗಿಡಗಳನ್ನು ಬಳಸಿ ಬಾವಿಯ ಕಡೆ ನುಗ್ಗಿದೆ.

ಪದ್ಮಾವತಿ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳು. ಕಣ್ಣು ಮುಚ್ಚಿದ್ದಳು, ಸೆರಗು ಸೊಂಟಕ್ಕೆ ಬಿಗಿದಿದ್ದಳು.

 ಕೂಗಿದರೆ ಬೆದರಿ ಬಿದ್ದಾಳು. ಬೆಳಿಗ್ಗೆ ಗೋಡೆಯ ಹೊರಗಿನಿಂದ ಮಾತಾಡಿದ ದನಿಯಲ್ಲೇ ಮೆಲ್ಲಗೆ ಹೇಳಿದೆ, "ಅಮ್ಮ, ಸದ್ದಿನ ಕಾರಣ ಸಿಕ್ಕಿತ್. ನಲ್ಲಿಯೊಳಗೆ ಹಾಳಿ ಚೂರ್ ಇದ್ದಿತ್ತ್. ನಿಮ್ಮತ್ತೆಯೇ ಹಾಕ್ಸಿದ್ದಂಬ್ರ್. ನಿಮ್ ತಪ್ಪ್ ಎಂತದೂ ಇಲ್ಲ. ಕೆಳ್ಗ್ ಬನ್ನಿ, ವಾಷರ್ ಹಾಕೂಕೆ ನೀವೇ ಬೇಕ್."

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು.  ಆಮೇಲೆ ಕಟ್ಟೆ ಹಿಡಿದು ಕೆಳಗಿಳಿದು, ಅಲ್ಲೇ ನೆಲದಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. "ನೀವ್ ಎದ್ದ್ ಹೋದ್ದ್ ಕಂಡೆ. ನಿಮ್ಗೂ ಆಯ್ಲಿಲ್ಲ ಅಂದ್ಕಂಡೆ" ಎಂದಳು. ನನಗೂ ಕಣ್ಣಲ್ಲಿ ನೀರು ಬಂತು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ, "ಪಂಪಿಗೆ ಬಡ್ದದ್ದ್ ಯಾರ್?"

"ಯಾರ್ ಬಡ್ದ್ರ್? ನಂಗೆ ಎಂತದೂ ಕೇಳ್ಲಿಲ್ಲ."

ಪಂಪು ಅವಳಿಂದ ಒಂದು ಮಾರು ದೂರದಲ್ಲಿತ್ತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಹಿಡಿಯಿಲ್ಲದ ಪಂಪು ಮೊಂಡಾಗಿ ನಿಂತಿತ್ತು. ಆ ಹಿಡಿ ನನ್ನ ಚೀಲದ ಪಕ್ಕದಲ್ಲೇ ಬಿದ್ದಿದೆ ಎಂಬುದು ಆಗ ನೆನಪಾಯಿತು.

ಆ ಮಧ್ಯಾಹ್ನ ರಬ್ಬರಿನ ವಾಷರನ್ನು ಅವಳೇ ಒಳಗಿನಿಂದ ಹಾಕಿದಳು. ನಾನು ಕೊಂಡಿಗಳನ್ನೆಲ್ಲ ಬಿಗಿದು ಟಾಂಕಿ ತುಂಬಿಸಿದೆ. ನೀರು ಎಣ್ಣೆಯ ಹಾಗೆ ಸದ್ದಿಲ್ಲದೆ ಬಂತು. ಸಂಜೆ ಬೈಂದೂರಿನಿಂದ ದೋಣಿಯ ಕಡವು ದಾಟಿ, ಬಸ್ಸು ಹಿಡಿದು ಬಂದ ಅವಳ ಅಪ್ಪನಿಗೆ ರುಕ್ಮಿಣಿಯಮ್ಮನೇ ಕೈಗೆ ನೀರು ಕೊಟ್ಟು, "ಬಂದದ್ದ್ ಒಳ್ಳೇದಾಯ್ತ್. ಉಂಡ್ಕಂಡ್ ಹೋಯ್ನಿ. ಹೆಣ್ಣ್ ಇಲ್ಲೇ ಇರ್ಲಿ" ಎಂದರು. ಬಾವಿಯ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಬಿಸಿಲಿಗೆ ಕಬ್ಬಿಣ ಹಿಗ್ಗಿ ಸದ್ದು ಮಾಡುತ್ತದೆ, ಗೊತ್ತು. ಅದನ್ನು ಸಾವಿರ ಸಲ ಕೇಳಿದ್ದೇನೆ. ಅದು ಟಿಕ್ ಎನ್ನುತ್ತದೆ, ಲೆಕ್ಕ ಹಿಡಿದು ಮೂರು ಮೂರು ಬಡಿಯುವುದಿಲ್ಲ, ಅಂಗೈಯನ್ನು ಅದುರಿಸುವುದೂ ಇಲ್ಲ. ಗಾಳಿ ಸಿಕ್ಕಿಕೊಂಡಿತ್ತು ಎನ್ನೋಣವೆಂದರೆ ಪೈಪಿನ ಬಾಯಿ ತೆರೆದೇ ಇತ್ತು. ನನ್ನ ವಿದ್ಯೆಯನ್ನೆಲ್ಲ ಹಾಕಿ ನೋಡಿದೆ, ಯಾವುದೂ ಕೂಡಿ ಬರಲಿಲ್ಲ. ಭೂತವನ್ನು ನಂಬುವವನು ನಾನಾಗಿದ್ದರೆ ಆ ಸದ್ದಿಗೆ ಮನೆಯ ಕಡೆ ಓಡುತ್ತಿದ್ದೆ. ನನ್ನ ವಿದ್ಯೆಯನ್ನೇ ಪೂರ್ತಿ ನಂಬಿದ್ದರೆ, ನೀರಿಲ್ಲದ ಪೈಪು ಹಾಗೆ ಬಡಿಯುವುದೇ ಇಲ್ಲ ಎಂದು ಕುಳಿತಲ್ಲೇ ಕುಳಿತಿರುತ್ತಿದ್ದೆ. ಎರಡರಲ್ಲಿ ಯಾವುದಾಗಿದ್ದರೂ ಹುಡುಗಿ ಉಳಿಯುತ್ತಿರಲಿಲ್ಲ. ನಾನು ಎದ್ದದ್ದು ಯಾರನ್ನೋ ಬೈಯುವುದಕ್ಕೆ. ಯಾರನ್ನು ಎಂದು ಇನ್ನೂ ಗೊತ್ತಾಗಿಲ್ಲ.